ಆಯಮ್ಮನವರ ಕಬ್ಬಿಣದ ಮನೆ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯವರಿಂದ ಒಂದು ಲೇಖನ ಬರತಕ್ಕದ್ದೆಂಬುದು ನಮ್ಮ ಶಾಲೆಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಸಾಧಾರಣವಾಗಿ ಅದು ಶಿಸ್ತು, ಸ್ತ್ರೀವಿದ್ಯೆ, ಇಲ್ಲವೆ ಕಾಲದ ಸದುಪಯೋಗ ಎಂಬ ವಿಷಯಗಳಲ್ಲೊಂದಾಗಿರುವುದು. ಈ ಸಾರಿ ನಾವು ಒಂದು ಮನೆ ಮಾಡಿದ ಸಂಗತಿಯನ್ನು ಬರೆಯುತ್ತೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ದೂರವಾಣಿಯಲ್ಲಿಯೂ ಎದುರಿಗೆ ಸಿಕ್ಕಾಗಲೂ, “ಆಯಮ್ಮನವರನ್ನು ಡಬ್ಬದೊಳಗೆ ಇಟ್ಟಿರಂತೆ, ನಿಜವೆ?” ಎಂದು ಕೇಳಿದ್ದಾರೆ. ನಿಜವೇ. ಆದರೆ ಆ ಡಬ್ಬದ ವೃತ್ತಾಂತವನ್ನು ಪೂರ್ತಿ ಓದಿದ ಮೇಲೆ ಅವರು ತೀರ್ಪು ಕೊಡಬೇಕೆಂದು ನಮ್ಮ ಬಿನ್ನಹ.

ಆಯಮ್ಮನವರನ್ನು ಪರಿಚಯಿಸುವ ಅಗತ್ಯವಿಲ್ಲ. ಈ ಶಾಲೆಯ ವಿದ್ಯಾರ್ಥಿನಿಲಯದಲ್ಲಿ ಮೂವತ್ತೆಂಟು ವರ್ಷ ಮುದ್ದೆ ತಿರುವಿದ ಕೈ ಅವರದು. ಈ ಸಾಲುಗಳನ್ನು ಬರೆಯುತ್ತಿರುವ ನಾವೂ ಐದನೆಯ ತರಗತಿಯಿಂದ ಅದೇ ಕೈಯಿಂದ ಉಂಡವರು. ಅವರಿಗೆ ಮಕ್ಕಳಿಲ್ಲ, ಗಂಡ ತೀರಿಹೋಗಿ ಬಹಳ ವರ್ಷಗಳಾದವು. ಕಾಂಪೌಂಡಿನ ಹಿಂಬದಿಯ ಒಂದು ಕೊಠಡಿಯೇ ಅವರ ಮನೆಯಾಗಿತ್ತು. ಕೆಲಸದಲ್ಲಿರುವ ತನಕ ಕೊಠಡಿ, ಕೆಲಸ ಮುಗಿದ ಮೇಲೆ ಅದು ಮುಂದಿನವರಿಗೆ ಎಂಬುದು ಎಲ್ಲ ಸಂಸ್ಥೆಗಳಲ್ಲಿಯೂ ಇರುವ ನಿಯಮವಷ್ಟೆ. ಆ ನಿಯಮದಲ್ಲಿ ಅನ್ಯಾಯವಿದೆಯೆಂದು ಹೇಳಲಾರೆವು. ಹೊಸದಾಗಿ ಬಂದ ಅಡಿಗೆಯವಳಿಗೂ ತಲೆಯ ಮೇಲೆ ಸೂರು ಬೇಡವೆ? ಆದರೂ ೨೦೨೩ನೆಯ ಇಸವಿಯ ಕೊನೆಯಲ್ಲಿ ಅವರು ತಮ್ಮ ತಗಡಿನ ಟ್ರಂಕನ್ನು ಒರಸಿ ಬಿಸಿಲಿಗಿಟ್ಟಾಗ ಅದನ್ನು ನೋಡಿದ ನಮ್ಮಲ್ಲಿ ಯಾರೂ ಆ ದಿವಸ ನೆಮ್ಮದಿಯಿಂದ ಪಾಠ ಮಾಡಲಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಕೆ.ಎಂ.ದೊಡ್ಡಿಯನ್ನು ದಾಟಿ ಸ್ವಲ್ಪ ಒಳಗೆ, ಅವರ ತವರೂರು. ಅಲ್ಲಿ ತಮ್ಮನ ಹಿತ್ತಲಿದೆ. ತಮ್ಮನು ಅಕ್ಕ ಬರಲೆಂದು ಮನಃಪೂರ್ವಕವಾಗಿ ಹೇಳಿದನು. ಅವನ ಮಕ್ಕಳಿಬ್ಬರು ಮಾತ್ರ ಸ್ವಲ್ಪ ಹಿಂದೆಗೆದರು. ನಾವು ಮೂವರು ಉಪಾಧ್ಯಾಯಿನಿಯರು ಹೋಗಿ ಮಾತನಾಡಿದಾಗ ಹಿರಿಯವನು ಮುಚ್ಚುಮರೆಯಿಲ್ಲದೆ ಹೇಳಿದ್ದಿಷ್ಟು: “ಅತ್ತೆ ಬರ್ಲಿ, ಬ್ಯಾಡ ಅನ್ನಕಿಲ್ಲ. ಆದ್ರೆ ಪಾಯ ತಗ್ದು ಗ್ವಾಡೆ ಎಬ್ಬಿಸ್ಬ್ಯಾಡಿ ಟೀಚರಮ್ಮಾ. ಗ್ವಾಡೆ ಎದ್ದ ಮ್ಯಾಕೆ ನೆಲ ಯಾರ್ದು ಅಂತ ನಾಳೆ ಕೋಲ್ಟಿಗೆ ಹೋಗ್ಬೇಕಾಯ್ತದೆ.” ಅವನ ಮಾತು ಒರಟಾಗಿದ್ದರೂ ಸುಳ್ಳಾಗಿರಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದಂದಿನಿಂದ ಈ ಸೀಮೆಯಲ್ಲಿ ಒಂದು ಗುಂಟೆ ನೆಲವೆಂದರೆ ಒಡಹುಟ್ಟಿದವರ ನಡುವೆಯೂ ತೂಕ ಹಿಡಿದು ಆಡುವ ಮಾತು. ಅಕ್ಕತಂಗಿಯರ ಪಾಲಿನ ವಿಷಯದಲ್ಲಿ ಕಾಯಿದೆ ಏನು ಹೇಳುತ್ತದೆಂಬುದು ನಮಗೆ ತಿಳಿಯದ್ದಲ್ಲ. ಅರುವತ್ತು ದಾಟಿದ ಹೆಂಗಸು ತಮ್ಮನ ಬಾಗಿಲಲ್ಲಿ ಕಾಯಿದೆಯನ್ನು ಹಿಡಿದು ನಿಂತು ಆಮೇಲೆ ಅಲ್ಲಿಯೇ ಬಾಳುವುದು ಹೇಗೆಂಬುದು ನಮಗೆ ತಿಳಿಯಲಿಲ್ಲ.

ಆಗ ಗೋಡೆಯಿಲ್ಲದ ಮನೆಯ ಸಲಹೆಯನ್ನು ಕೊಟ್ಟವಳು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು. ಮದ್ದೂರಿನವಳು, ಈಗ ಸಿವಿಲ್ ಇಂಜಿನಿಯರು. ಹಡಗಿನಲ್ಲಿ ಸರಕು ಸಾಗಿಸುವ ಕಬ್ಬಿಣದ ಪೆಟ್ಟಿಗೆಯನ್ನು, ಅಂದರೆ ಕಂಟೇನರನ್ನು, ಹಳೆಯದಾಗಿ ಕೊಂಡು, ಹಿತ್ತಲಲ್ಲಿ ಕೆಲವು ಕಲ್ಲುಗಳ ಮೇಲಿಟ್ಟು, ಅದನ್ನೇ ನಮ್ಮ ಕೈಯಿಂದ ಮನೆಯಾಗಿಸಬಹುದೆಂದು ಆಕೆ ಹೇಳಿದಳು. ನೆಲದೊಳಕ್ಕೆ ಅದರ ಬೇರು ಇಳಿಯುವುದಿಲ್ಲ. ನಾಳೆ ಮನಸ್ತಾಪ ಬಂದರೆ ಕ್ರೇನು ತಂದು ಎತ್ತಿಕೊಂಡು ಹೋಗಬಹುದು. ನೆಲ ಅವರದಾಗಿಯೇ ಉಳಿಯುವುದು, ಮನೆ ಆಯಮ್ಮನವರದಾಗಿಯೇ ಉಳಿಯುವುದು. ಈ ಮಾತನ್ನು ಛಾಪಾ ಕಾಗದದ ಮೇಲೆ ಬರೆಸಿದಾಗ ಮಕ್ಕಳಿಬ್ಬರೂ ಸಂತೋಷದಿಂದಲೇ ಸಹಿ ಹಾಕಿದರು.

ಈ ಪೆಟ್ಟಿಗೆಯ ಪೂರ್ವೋತ್ತರವನ್ನು ನಮ್ಮ ಮಕ್ಕಳು ತಿಳಿದಿರುವುದು ಒಳ್ಳೆಯದು. ಅಮೆರಿಕದಲ್ಲಿ ಮಾಲ್ಕಂ ಮೆಕ್ಲೀನ್ ಎಂಬ ಲಾರಿಗಳ ಯಜಮಾನನಿದ್ದನು. ಲಾರಿಯಿಂದ ಮೂಟೆ ಇಳಿಸಿ, ಹಡಗಿಗೆ ಮೂಟೆ ಏರಿಸಿ, ಮತ್ತೆ ಇಳಿಸಿ ಏರಿಸುವ ಕಾಲಹರಣಕ್ಕೆ ಬೇಸತ್ತು, ಸರಕು ತುಂಬಿದ ಪೆಟ್ಟಿಗೆಯನ್ನೇ ಇಡಿಯಾಗಿ ಹಡಗಿಗೆತ್ತುವ ಏರ್ಪಾಡನ್ನು ಮಾಡಿದನು. ೧೯೫೬ನೆಯ ಏಪ್ರಿಲ್ ೨೬ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು ಇಂಥ ೫೮ ಪೆಟ್ಟಿಗೆಗಳನ್ನು ಹೊತ್ತು ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಮುಂದೆ ಲೋಕವೆಲ್ಲ ಒಂದೇ ಅಳತೆಗೆ ಒಪ್ಪಿತು: ಅಗಲ ೮ ಅಡಿ, ಎತ್ತರ ಎಂಟೂವರೆ ಅಡಿ, ಉದ್ದ ೨೦ ಇಲ್ಲವೆ ೪೦ ಅಡಿ. ನಮ್ಮ ದೇಶದಲ್ಲಿ ಮೊದಲನೆಯದು ಕೊಚ್ಚಿಯ ಬಂದರಿಗೆ ಬಂದದ್ದು ೧೯೭೩ರಲ್ಲಿ. ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ ೧೯೮೧ರಲ್ಲಿ ಇವುಗಳಿಗಾಗಿ ಒಣ ಬಂದರನ್ನು ತೆರೆದರು. ಸಮುದ್ರದ ಮೇಲೆ ಹತ್ತು ಹದಿನೈದು ವರ್ಷ ದುಡಿದ ಪೆಟ್ಟಿಗೆಯನ್ನು ಮಾರಿಬಿಡುವುದು ವಾಡಿಕೆ. ಇವನ್ನು ವಾಸದ ಮನೆಯಾಗಿ ಮಾರ್ಪಡಿಸುವ ವಿಧಾನಕ್ಕೆ ಫಿಲಿಪ್ ಕ್ಲಾರ್ಕ್ ಎಂಬವರು ೧೯೮೯ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದರು. ಲಂಡನ್ನಿನಲ್ಲಿ ೨೦೦೧ರಲ್ಲಿ ಇಂಥವನ್ನು ಒಂದರ ಮೇಲೊಂದಿಟ್ಟು ವಸತಿಗಳನ್ನೂ ಕೆಲಸದ ಕೋಣೆಗಳನ್ನೂ ಮಾಡಿದರು. ೨೦೨೨ರ ಕಾಲ್ಚೆಂಡಿನ ವಿಶ್ವಕಪ್ಪಿಗಾಗಿ ಕತಾರಿನಲ್ಲಿ ೯೭೪ ಪೆಟ್ಟಿಗೆಗಳನ್ನು ಸೇರಿಸಿ ಕ್ರೀಡಾಂಗಣವನ್ನೇ ಕಟ್ಟಿದರು.

ಹಾಗೆ ನೋಡಿದರೆ ದೂರದಿಂದ ಪೆಟ್ಟಿಗೆಯಲ್ಲಿ ಬಂದ ವಸ್ತುಗಳ ಪರಿಚಯ ನಮ್ಮ ಜಿಲ್ಲೆಗೆ ಹಳೆಯದು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತಷ್ಟೆ. ಅದರ ಭಾರಿ ಯಂತ್ರಗಳು ಕಡಲಾಚೆಯಿಂದ ಬಂದು, ಮದ್ದೂರಿನಲ್ಲಿ ರೈಲಿಳಿದು, ಇದೇ ಮಳವಳ್ಳಿಯ ದಾರಿಯಲ್ಲಿ ಗಾಡಿಗಳ ಮೇಲೆ ಹೋದುವೆಂದು ಹಿರಿಯರ ಬಾಯಿಂದ ಕೇಳಿದ್ದೇವೆ. ಸೀಮೆಎಣ್ಣೆಯ ಡಬ್ಬವನ್ನು ಬಿಡಿಸಿ ತಟ್ಟಿ ಮಾಡಿಗೆ ಹೊದಿಸದ ಹಳ್ಳಿ ಯಾವುದಿತ್ತು? ಇಂಗ್ಲೆಂಡಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ದೂರದೇಶಗಳಿಗೆ ತಗಡಿನ ದೇವಾಲಯಗಳನ್ನೇ ಬಿಡಿಭಾಗಗಳಾಗಿ ಹಡಗಿನಲ್ಲಿ ಕಳುಹಿಸುತ್ತಿದ್ದರು. ಅವುಗಳಲ್ಲಿಯೂ ಕೀರ್ತನೆಗಳನ್ನು ಹಾಡಿದರು.

ಈ ವಿದ್ಯೆಯನ್ನೆಲ್ಲ ನಾವು ಆಯಮ್ಮನವರ ಮುಂದೆ ಹೇಳಿದೆವು. ಅವರು ಕೇಳಿ, ಎಲೆಯಡಿಕೆಯನ್ನು ದವಡೆಯ ಆ ಕಡೆಗೆ ಸರಿಸಿಕೊಂಡು, “ಮಿಸ್ಸಮ್ಮಾರೇ, ಸತ್ತ ಮ್ಯಾಲೆ ಪೆಟ್ಗೆಗೆ ಹಾಕ್ತೀರಿ, ಅದು ಸರಿ. ಬದುಕಿರುವಾಗ್ಲೇ ಯಾಕೆ?” ಎಂದರು.

ಈ ಮಾತಿಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಬಡವರ ವಿಷಯದಲ್ಲಿ ಲೋಕದವರು ತೋರಿಸುವ ಉದಾರತೆಯಲ್ಲಿ ಒಂದು ದೋಷ ಬಹಳ ಹಳೆಯದು: ತಮಗೆ ಬೇಡವಾದದ್ದನ್ನು ಕೊಟ್ಟು ಉಪಕಾರವೆಂದು ಹೆಸರಿಡುವುದು. ಹರಿದ ಸೀರೆಯನ್ನು ಕೊಟ್ಟು ಹರಸಿಕೊಳ್ಳಲು ನಿಲ್ಲುವವರನ್ನು ನಾವೆಲ್ಲ ನೋಡಿದ್ದೇವೆ. ಹಡಗಿನವರು ಬಿಸುಟ ಪೆಟ್ಟಿಗೆಯನ್ನು ಒಬ್ಬ ಮುದುಕಿಯ ತಲೆಗೆ ಕಟ್ಟುವುದೂ ಅದೇ ಜಾತಿಯದಾದೀತೆ? ಉಪಾಧ್ಯಾಯಿನಿಯರ ಕೋಣೆಯಲ್ಲಿ ಎರಡು ದಿವಸ ಇದೇ ಚರ್ಚೆ ನಡೆಯಿತು. ಕೊನೆಗೆ ಒಂದು ನಿರ್ಣಯಕ್ಕೆ ಬಂದೆವು. ಅದೇನೆಂದರೆ, ಕಿಟಕಿ ಎಲ್ಲಿ, ಬಾಗಿಲು ಎಲ್ಲಿ, ನೆಲ ಯಾವುದು, ಒಲೆ ಎಲ್ಲಿ ಎಂಬುದನ್ನು ಆಯಮ್ಮನವರೇ ಹೇಳತಕ್ಕದ್ದು. ಅವರು ಬೇಡವೆಂದ ದಿವಸ ಕೆಲಸ ನಿಲ್ಲತಕ್ಕದ್ದು. ಅವರಿಗೆ ಇದನ್ನು ತಿಳಿಸಿದಾಗ, “ಜಗಲಿ ಇರ್ತದಾ?” ಎಂದು ಕೇಳಿದರು. ಇರುತ್ತದೆ ಎಂದೆವು. “ನೆಲಕ್ಕೆ ಕೆಂಪುಗಾರೆ?” ಅದೂ ಆಗಲಿ ಎಂದೆವು. “ಹಂಗಾದ್ರೆ ತನ್ನಿ, ನೋಡಾನ” ಎಂದರು.

ಪೆಟ್ಟಿಗೆಯನ್ನು ಆರಿಸುವುದಕ್ಕಾಗಿ ೨೦೨೪ರ ಜನವರಿಯಲ್ಲಿ ನಾವು ಬೆಂಗಳೂರಿಗೆ ಹೋದೆವು. ಹಳೆಯ ಪೆಟ್ಟಿಗೆಗಳ ಅಂಗಳವೊಂದರಲ್ಲಿ ನಿಂತಾಗ ಕೆಂಪು ನೀಲಿ ಬಣ್ಣದ ಬೀದಿಗಳುಳ್ಳ ನಗರದೊಳಗೆ ಹೊಕ್ಕಂತಾಯಿತು. ಮಾರುವವರು ಹೊಸದಾಗಿ ಬಣ್ಣ ಬಳಿದದ್ದೊಂದನ್ನು ತೋರಿಸಿ ಬಹಳ ಹೊಗಳಿದರು. ನಮ್ಮ ಇಂಜಿನಿಯರಮ್ಮನು ಅದರ ಬಣ್ಣವನ್ನು ನೋಡದೆ ಕೆಳಗೆ ಬಗ್ಗಿ, ಅಡ್ಡಪಟ್ಟಿಗಳನ್ನು ಸುತ್ತಿಗೆಯಿಂದ ತಟ್ಟುತ್ತ ಹೋದಳು. ಒಳ್ಳೆಯ ಉಕ್ಕು ಗಂಟೆಯಂತೆ ನುಡಿಯುತ್ತದೆ. ತುಕ್ಕು ತಿಂದದ್ದು ಮಡಕೆಯಂತೆ. ಅನಂತರ ನಮ್ಮಿಬ್ಬರನ್ನು ಒಳಕ್ಕೆ ಕಳುಹಿಸಿ ಹೊರಗಿನಿಂದ ಬಾಗಿಲು ಹಾಕಿದಳು. ಕಣ್ಣಿಗೆ ಕೈ ಕಾಣದ ಕತ್ತಲೆ. ಸ್ವಲ್ಪ ಹೊತ್ತಿನ ಮೇಲೆ ತಲೆಯ ಮೇಲೆ ಒಂದು, ಮೂಲೆಯಲ್ಲಿ ಎರಡು, ಹೀಗೆ ಬೆಳಕಿನ ಚುಕ್ಕಿಗಳು ಮೂಡಿದುವು. ನಮ್ಮ ವಿಜ್ಞಾನದ ಉಪಾಧ್ಯಾಯಿನಿ, “ಸಪ್ತರ್ಷಿಮಂಡಲವೇ ಇದೆ” ಎಂದರು. ಬೆಳಕು ಬಂದಲ್ಲಿ ಮಳೆಯೂ ಬರುವುದು. ಆ ಪೆಟ್ಟಿಗೆಯನ್ನು ಬಿಟ್ಟೆವು. ನಾಲ್ಕನೆಯ ಪೆಟ್ಟಿಗೆಯಲ್ಲಿ ಕತ್ತಲೆ ಪೂರ್ಣವಾಗಿತ್ತು. ಅದರ ಬಾಗಿಲ ಮೇಲಿನ ಲೋಹದ ಫಲಕದಲ್ಲಿ ತಯಾರಾದ ಇಸವಿ, ಹೊರಬಹುದಾದ ತೂಕ, ನೆಲದ ಹಲಗೆಗೆ ಯಾವ ಕ್ರಿಮಿನಾಶಕ ಹಾಕಿದೆ ಎಂಬುದೆಲ್ಲ ಕೊರೆದಿತ್ತು. ಕೊಳ್ಳುವವರು ಈ ಫಲಕವನ್ನು ಓದದೆ ಹಣ ಕೊಡಬಾರದು.

ಫೆಬ್ರವರಿಯ ಒಂದು ರಾತ್ರಿ ಲಾರಿಯು ಮದ್ದೂರನ್ನು ದಾಟಿ ಬಂದಿತು. ಅದಕ್ಕೆ ಮುಂಚೆ ಒಂದು ವಾರ ನಾವು ಹಿತ್ತಲನ್ನು ಹದಗೊಳಿಸಿದ್ದೆವು. ಪಾಯ ತೆಗೆಯಕೂಡದೆಂಬ ಕರಾರಿದ್ದುದರಿಂದ ಮೇಲ್ಮಣ್ಣನ್ನಷ್ಟೆ ಕೆರೆದು, ಜಲ್ಲಿ ಮರಳು ಹಾಕಿ ದಮ್ಮಸು ಮಾಡಿ, ಅದರ ಮೇಲೆ ಆರು ದಪ್ಪ ಕಲ್ಲುಗಳನ್ನು ಮಟ್ಟಕ್ಕೆ ಕೂರಿಸಿದೆವು. ಇಷ್ಟೇ ಸಾಕೆ ಎಂದು ಓದುಗರು ಕೇಳಬಹುದು. ಈ ಪೆಟ್ಟಿಗೆಯ ಬಲವೆಲ್ಲ ಅದರ ನಾಲ್ಕು ಮೂಲೆಗಂಬಗಳಲ್ಲಿದೆ. ಹಡಗಿನಲ್ಲಿ ಸರಕು ತುಂಬಿದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಐದಾರರಂತೆ ಪೇರಿಸುತ್ತಾರೆ. ಭಾರವು ಮೂಲೆಯಿಂದ ಮೂಲೆಗೆ ಇಳಿಯುತ್ತದೆಯೇ ಹೊರತು ಗೋಡೆಯ ಮೇಲಾಗಲಿ ಮಾಡಿನ ಮೇಲಾಗಲಿ ಬೀಳುವುದಿಲ್ಲ. ೨೦ ಅಡಿಯ ಪೆಟ್ಟಿಗೆಯ ಸ್ವಂತ ತೂಕ ಸುಮಾರು ೨,೨೦೦ ಕಿಲೋಗ್ರಾಂ ಮಾತ್ರ. ಹೊರುವುದು ಅದರ ಹತ್ತರಷ್ಟು. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಗೋಡೆಯನ್ನು ಕತ್ತರಿಸಲಿದ್ದ ಕಾರಣ ನಡುವೆ ಎರಡು. ನಾಲೆಯ ಸೀಮೆಯಾದ್ದರಿಂದ ನೆಲದಿಂದ ಎರಡಡಿ ಎತ್ತರ ಬಿಟ್ಟೆವು. ಕೆಳಗೆ ಗಾಳಿ ಓಡಾಡಿದರೆ ತುಕ್ಕು ಬೇಗ ಹತ್ತದು. ಗೆದ್ದಲಿನ ಹೆದರಿಕೆಯಂತೂ ಉಕ್ಕಿಗಿಲ್ಲ. ಕ್ರೇನಿನವನು ವಿದ್ಯುತ್ತಿನ ತಂತಿಗಳ ನಡುವೆ ಪೆಟ್ಟಿಗೆಯನ್ನು ತೂಗಿ ಆರು ಕಲ್ಲುಗಳ ಮೇಲೆ ಇಳಿಸಿದಾಗ ಊರಿಗೂರೇ ಎದ್ದು ಬಂದಿತ್ತು. “ಗೂಡ್ಸುಗಾಡಿ ಹಳಿ ಬಿಟ್ಟು ಬಂದದೆ” ಎಂದು ಯಾರೋ ಕೂಗಿದರು.

ಮರುದಿನ ಬೆಳಿಗ್ಗೆ ಆಯಮ್ಮನವರ ಕೈಗೆ ಒಂದು ಸೀಮೆಸುಣ್ಣವನ್ನು ಕೊಟ್ಟೆವು. ಕಿಟಕಿಯ ಅಡಿ ಮೂರು ಅಡಿ ಎತ್ತರದಲ್ಲಿರಬೇಕೆಂದು ನಕ್ಷೆಯಲ್ಲಿತ್ತು. ಅವರು ಒಳಗೆ ಹೋಗಿ ಚಾಪೆ ಹಾಸಿ ಕುಳಿತು, ಕುಳಿತಲ್ಲಿಂದಲೇ ಕೈ ಚಾಚಿ, ಒಂದೂವರೆ ಅಡಿ ಎತ್ತರದಲ್ಲಿ ಗೆರೆ ಎಳೆದರು. “ನಾನು ನಿಂತ್ಕಂಡು ಬೀದಿ ನೋಡ್ತೀನಾ? ಕೂತ್ಕಂಡು ಸೊಪ್ಪು ಬಿಡಿಸ್ತಾ ನೋಡ್ತೀನಿ.” ಇಂಜಿನಿಯರಮ್ಮನು ನಕ್ಷೆಯನ್ನು ಮಡಿಸಿ ಚೀಲದೊಳಗಿಟ್ಟುಕೊಂಡಳು. ಮನೆ ಕಟ್ಟುವ ಶಾಸ್ತ್ರದಲ್ಲಿ ನಮ್ಮ ತಿಳಿವಳಿಕೆ ಅಲ್ಪವೇ ಆಗಿದ್ದರೂ, ಆ ಗೆರೆಯನ್ನು ಕಂಡ ಮೇಲೆ ಪೆಟ್ಟಿಗೆಯ ಬಗ್ಗೆ ನಮಗಿದ್ದ ಅಳುಕು ಅರ್ಧ ಕಡಮೆಯಾಯಿತು.

ಕತ್ತರಿಸುವ ಕೆಲಸಕ್ಕೆ ಮದ್ದೂರಿನ ವೆಲ್ಡಿಂಗಿನವರನ್ನು ಕರೆಸಿದೆವು. ಗ್ರೈಂಡರನ್ನು ವಿದ್ಯಾರ್ಥಿನಿಯರ ಕೈಗೂ ನಮ್ಮ ಕೈಗೂ ಕೊಡಲಿಲ್ಲ. ಮಡಿಕೆ ಮಡಿಕೆಯಾದ ತಗಡಿನ ಗೋಡೆಯಲ್ಲಿ ಒಂದು ತೂತು ತೆಗೆದರೆ ಆ ಭಾಗದ ಬಲ ಹೋಗುತ್ತದೆ. ತೆಗೆದಷ್ಟಕ್ಕೂ ಸುತ್ತ ಉಕ್ಕಿನ ಚೌಕಟ್ಟನ್ನು ಬೆಸೆದು ಬಲವನ್ನು ಹಿಂದಕ್ಕೆ ಕೊಡಬೇಕು. ಹಳೆಯ ಬಣ್ಣದ ಹುಡಿ ವಿಷವಾದುದರಿಂದ ಬಾಯಿಗೆ ಮೂಗಿಗೆ ಮುಸುಕು ಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಒಂದು ಬಾಗಿಲು, ಎರಡು ತಗ್ಗಿನ ಕಿಟಕಿ, ಸೂರಿನ ಕೆಳಗೆ ಗಾಳಿಗಾಗಿ ಎರಡು ಉದ್ದನೆಯ ಗವಾಕ್ಷಿ, ಇಷ್ಟಾದುವು. ನೋಹನ ನಾವೆಗೂ ಇದ್ದದ್ದು ಪಕ್ಕದಲ್ಲೊಂದು ಬಾಗಿಲು, ಮೇಲ್ಗಡೆ ಬೆಳಕಿಗೊಂದು ಎಡೆ. ಅದರ ಉದ್ದ ೩೦೦ ಮೊಳ, ನಮ್ಮದು ಹದಿಮೂರು ಮೊಳ. ಉಳಿದಂತೆ ಹೋಲಿಕೆ ಚೆನ್ನಾಗಿದೆ. ಒಳಗೂ ಹೊರಗೂ ರಾಳ ಬಳಿಯಬೇಕೆಂಬ ಅಪ್ಪಣೆಯನ್ನು ನಾವೂ ಪಾಲಿಸಿದೆವು. ರಾಳಕ್ಕೆ ಬದಲಾಗಿ ತುಕ್ಕು ತಡೆಯುವ ಬಣ್ಣ ಎರಡು ಸಾರಿ. ಬಣ್ಣ ಹಚ್ಚಿದವರು ಉಪಾಧ್ಯಾಯಿನಿಯರು ಮತ್ತು ಹನ್ನೊಂದು ಮಂದಿ ಹಳೆಯ ವಿದ್ಯಾರ್ಥಿನಿಯರು, ನಾಲ್ಕು ಶನಿವಾರ.

ಈಗ ಬಿಸಿಲಿನ ವಿಷಯಕ್ಕೆ ಬರೋಣ, ಏಕೆಂದರೆ ಕಬ್ಬಿಣದ ಮನೆಯ ನಿಜವಾದ ಶತ್ರು ಅದೇ. ೨೦೨೪ರ ಬೇಸಗೆ ಎಷ್ಟು ಕಡುವಾಗಿತ್ತೆಂಬುದು ಮಂಡ್ಯದವರಿಗೆ ಹೇಳಬೇಕಾದ್ದಿಲ್ಲ. ಹಿಂದಿನ ವರ್ಷ ಮಳೆಯಿಲ್ಲದೆ ನಾಲೆಗಳು ಸೊರಗಿದ್ದುವು. ಮಾರ್ಚಿಯ ಒಂದು ಶನಿವಾರ ಒಂಬತ್ತನೆಯ ತರಗತಿಯ ಹುಡುಗಿಯರು ಪ್ರಯೋಗಶಾಲೆಯ ಉಷ್ಣಮಾಪಕಗಳನ್ನು ತಂದು ಅಳೆದರು. ಮಧ್ಯಾಹ್ನ ಎರಡೂವರೆ ಗಂಟೆಗೆ ಬೇವಿನ ಮರದ ನೆರಳಿನಲ್ಲಿ ೩೬ ಡಿಗ್ರಿ. ಪೆಟ್ಟಿಗೆಯೊಳಗೆ, ಕಿಟಕಿ ಬಾಗಿಲು ಮುಚ್ಚಿದಾಗ, ೪೯. ತೆರೆದಿಟ್ಟರೂ ೪೩ಕ್ಕೆ ಇಳಿಯಿತೇ ಹೊರತು ಮುಂದಕ್ಕೆ ಇಳಿಯಲಿಲ್ಲ. ಹುಡುಗಿಯರಲ್ಲೊಬ್ಬಳು ಪುಸ್ತಕದಲ್ಲಿ ಅಂಕೆಯನ್ನು ಬರೆದು, “ಇದರಲ್ಲಿ ಆಯಮ್ಮ ಇರುವುದು ಹೇಗೆ?” ಎಂದು ಕೇಳಿದಳು. ಚಿತ್ರಪತ್ರಿಕೆಗಳಲ್ಲಿ ಇಂಥ ಮನೆಗಳ ಅಂದವನ್ನು ನೋಡಿ ಮೋಹಗೊಳ್ಳುವವರು ಈ ೪೯ರ ಅಂಕೆಯನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು. ತಂಪುದೇಶದವರ ಮಾದರಿಯನ್ನು ಹಾಗೆಯೇ ತಂದು ಮದ್ದೂರಿನ ಬಿಸಿಲಿನಲ್ಲಿಟ್ಟರೆ ಅದು ಮನೆಯಲ್ಲ, ಆಲೆಮನೆಯ ಕೊಪ್ಪರಿಗೆ.

ಉಪಾಯ ನಮ್ಮ ಕಾಂಪೌಂಡಿನಲ್ಲಿಯೇ ಇತ್ತು. ವಿದ್ಯಾರ್ಥಿನಿಲಯದ ಹಳೆಯ ಮಾಡನ್ನು ಬಿಚ್ಚಿ ತಾರಸಿ ಹಾಕಿಸಿದಾಗ ತೆಗೆದ ಮಂಗಳೂರು ಹೆಂಚುಗಳು ಬಾವಿಯ ಹಿಂದೆ ಪಾಚಿ ಹಿಡಿದು ಪೇರಿಕೊಂಡಿದ್ದುವು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ಹಾಕಿದರು. ಹೊರಗಿನವರು ಆಗ ಇದನ್ನೂ ವಿದೇಶದ ಸೊಗಸೆಂದು ಆಡಿಕೊಂಡಿರಬಹುದು. ಈಗ ಅದು ನಮ್ಮ ನಾಡಿನ ಮಾಡಿನ ರೂಪವೇ ಆಗಿಬಿಟ್ಟಿದೆ. ಪೆಟ್ಟಿಗೆಯ ಮೂಲೆಗಂಬಗಳಿಗೆ ಉಕ್ಕಿನ ಕಂಬಗಳನ್ನು ಬೆಸೆದು, ಮಾಡಿನ ತಗಡಿಗಿಂತ ಎರಡಡಿ ಮೇಲಕ್ಕೆ ಇಳಿಜಾರಿನ ಚೌಕಟ್ಟು ನಿಲ್ಲಿಸಿ, ರೀಪುಗಳ ಮೇಲೆ ಸುಮಾರು ೬೦೦ ಹೆಂಚು ಹೊದಿಸಿದೆವು. ಅಷ್ಟೂ ಹೆಂಚನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದವರು ವಿದ್ಯಾರ್ಥಿನಿಲಯದ ಹುಡುಗಿಯರು. ಹೆಂಚಿಗೂ ತಗಡಿಗೂ ನಡುವೆ ಎರಡು ಕೊನೆಗಳೂ ತೆರೆದಿರುವುದರಿಂದ ಬಿಸಿಗಾಳಿ ನಿಲ್ಲದೆ ಹರಿದುಹೋಗುತ್ತದೆ. ಮುಂಭಾಗದಲ್ಲಿ ಅದೇ ಮಾಡನ್ನು ಆರು ಅಡಿ ಚಾಚಿದ್ದರಿಂದ ಜಗಲಿಯಾಯಿತು. ಒಳಗಡೆ ಗೋಡೆಗೂ ಮುಚ್ಚಿಗೆಗೂ ಬಿದಿರು ಚಾಪೆಯ ಹಲಗೆ, ಅದರ ಹಿಂದೆ ರಾಕ್‌ವೂಲ್ ಎಂಬ ಕಲ್ಲಿನ ನಾರು. ಏಪ್ರಿಲ್ ಮಧ್ಯದಲ್ಲಿ ಅದೇ ಹುಡುಗಿಯರು ಮತ್ತೆ ಅಳೆದರು. ಮರದ ನೆರಳಿನಲ್ಲಿ ೩೮, ಒಳಗೆ ೩೭. ಆ ಒಂದು ಡಿಗ್ರಿಗಾಗಿ ಅವರು ಹಾಕಿದ ಕೂಗಿಗೆ ಪಕ್ಕದ ಹಟ್ಟಿಯ ಎಮ್ಮೆ ಹಗ್ಗ ಕಿತ್ತುಕೊಂಡಿತು.

ನೆಲದ ವಿಷಯ. ಹಡಗಿನ ಹಲಗೆಗೆ ಹುಳು ಹತ್ತದಿರಲೆಂದು ಹಾಕಿದ ಔಷಧವು ಮಲಗಿ ಉಣ್ಣುವ ಮನೆಗೆ ತಕ್ಕದ್ದಲ್ಲ. ಆದುದರಿಂದ ಅದನ್ನು ಪೂರ್ತಿ ಕಿತ್ತು, ಅಡ್ಡಪಟ್ಟಿಗಳ ಮೇಲೆ ಸಿಮೆಂಟಿನ ಹಲಗೆ ಹಾಸಿ, ಎರಡಂಗುಲ ಕಾಂಕ್ರೀಟು ಹಾಕಿಸಿ, ಮೇಲೆ ಕೆಂಪುಗಾರೆಯನ್ನು ತಿಕ್ಕಿಸಿದೆವು. ಇದರಿಂದ ಒಂದೂವರೆ ಟನ್ನಿಗೆ ಮೇಲ್ಪಟ್ಟು ಭಾರ ಹೆಚ್ಚಿತು. ಪೆಟ್ಟಿಗೆಗೆ ಅದೊಂದು ಲೆಕ್ಕವಲ್ಲ. ಗಾರೆಯ ಹಳೆಯ ಕೆಲಸಗಾರರು ಈಗ ವಿರಳ. ಮಳವಳ್ಳಿಯ ಕಡೆಯ ಒಬ್ಬ ಮುದುಕರು ಬಂದು ಎರಡು ದಿವಸ ಮಂಡಿಯೂರಿ ಉಜ್ಜಿ, ಮುಖ ಕಾಣುವಂತೆ ಮಾಡಿ, “ಕಬ್ಬಿಣದ ಹೊಟ್ಟೇಲಿ ಗಾರೆ ಹಾಕ್ದೋನು ನಾನೊಬ್ನೇ” ಎಂದು ಹೇಳಿ ಕೂಲಿ ತೆಗೆದುಕೊಂಡು ಹೋದರು.

ವಿದ್ಯುತ್ತಿನ ಸಂಬಂಧದಲ್ಲಿ ಒಂದೇ ಮಾತು: ಕಬ್ಬಿಣದ ಮನೆಯಲ್ಲಿ ಒಂದು ತಂತಿ ಸಡಿಲವಾದರೆ ಮನೆಗೆ ಮನೆಯೇ ತಂತಿಯಾಗುತ್ತದೆ. ಇದ್ದಲು ಉಪ್ಪು ತುಂಬಿದ ಗುಂಡಿಗೆ ಪೆಟ್ಟಿಗೆಯನ್ನು ಅರ್ಥಿಂಗ್ ಮಾಡಿಸಿ, ಸೋರಿಕೆಯಾದ ಕೂಡಲೆ ತಾನೇ ಆರಿಹೋಗುವ ಸ್ವಿಚ್ಚನ್ನು ಹಾಕಿಸದೆ ಒಂದು ದೀಪವನ್ನೂ ಹಚ್ಚಬಾರದು. ತಂಪಿನ ದಿನಗಳಲ್ಲಿ ಅಡಿಗೆಯ ಹಬೆ ತಗಡಿಗೆ ತಾಕಿ ನೀರಾಗಿ ತೊಟ್ಟಿಕ್ಕುವುದೂ ಉಂಟು. ಆದರೆ ಆಯಮ್ಮನವರು ಸೌದೆಯ ಒಲೆಯನ್ನು ಜಗಲಿಯ ತುದಿಯಲ್ಲಿಯೇ ಹೂಡಬೇಕೆಂದು ಹಠ ಹಿಡಿದುದರಿಂದ ಆ ಉಪದ್ರವ ತಾನಾಗಿ ತಪ್ಪಿತು.

ಖರ್ಚಿನ ಬಗ್ಗೆ ಕೇಳುವವರಿಗೆ ಹೇಳುವುದೇನೆಂದರೆ, ಪೆಟ್ಟಿಗೆಯ ಬೆಲೆ ಚಿಕ್ಕ ಭಾಗ. ಅದನ್ನು ಮನುಷ್ಯರು ಇರುವಂತೆ ಮಾಡುವ ಖರ್ಚು ದೊಡ್ಡ ಭಾಗ. ಹೆಂಚು ನಮ್ಮದೇ ಆಗಿ, ಬಣ್ಣದ ಕೂಲಿ ಉಳಿದು, ಹಳೆಯ ವಿದ್ಯಾರ್ಥಿನಿಯರ ಕಾಣಿಕೆ ಸೇರಿದ್ದರಿಂದ ನಮಗೆ ನಿಭಾಯಿಸಿತು. ಸ್ವಂತ ನೆಲವಿದ್ದು, ಮಣ್ಣು ಸಿಗುವವರು ಮಣ್ಣಿನ ಗೋಡೆಯ ಮನೆಯನ್ನೇ ಕಟ್ಟುವುದು ಜಾಣತನವೆಂದು ನಮ್ಮ ಅಭಿಪ್ರಾಯ. ಎರಡು ಸಾವಿರ ಕಿಲೋ ಉಕ್ಕನ್ನು ಒಬ್ಬರ ನಾಲ್ಕು ಗೋಡೆಗೆ ವ್ಯಯಮಾಡುವುದು ಮಿತವ್ಯಯವಲ್ಲ. ಕಾಲ ಕೆಳಗಿನ ನೆಲ ತನ್ನದೆಂದು ಹೇಳಲಾರದವರಿಗೆ, ನಾಳೆ ಎದ್ದುಹೋಗಬೇಕಾದೀತೆಂಬ ಅಂಜಿಕೆಯಲ್ಲಿ ಬಾಳುವವರಿಗೆ ಲೆಕ್ಕ ಬೇರೆ. ವಸತಿಗೃಹಗಳಲ್ಲಿಯೇ ಆಯುಸ್ಸನ್ನು ಕಳೆದ ನಮ್ಮಂಥ ಒಂಟಿ ಹೆಂಗಸರು ಆ ಲೆಕ್ಕವನ್ನು ಬೇರೆಯವರಿಗಿಂತ ಬೇಗ ಮಾಡುತ್ತೇವೆ.

ಮೇ ತಿಂಗಳಿನ ಮೊದಲ ಮಳೆಯಾದ ವಾರದಲ್ಲಿ ಗೃಹಪ್ರತಿಷ್ಠೆಯಾಯಿತು. ಸಭೆಯ 
ಅಯ್ಯನವರು ಬಂದು ಪ್ರಾರ್ಥನೆ ಮಾಡಿದರು, ಆಯಮ್ಮನವರು ಹಾಲುಕ್ಕಿಸಿದರು. ಹಡಗಿನ ಎರಡು ದೊಡ್ಡ ಬಾಗಿಲುಗಳನ್ನು ಬೆಸೆದು ಮುಚ್ಚಿಬಿಡುವ ಯೋಚನೆಯಿತ್ತು. ಅವರು ಬಿಡಲಿಲ್ಲ. ಈಗ ಸಂಜೆಯ ವೇಳೆ ಅವೆರಡನ್ನೂ ಹಾರುಹೊಡೆದು, ತಂಗಾಳಿಗೆ ಕುಳಿತು, ಊರಿನ ಐದಾರು ಹುಡುಗಿಯರನ್ನು ಒಳಗೆ ಕೂರಿಸಿಕೊಂಡು ಓದಿಸುತ್ತಾರೆ. ಅವರಿಗೆ ಓದು ಬಾರದು. ಹುಡುಗಿಯರು ಗಟ್ಟಿಯಾಗಿ ಓದಬೇಕು, ಅವರು ಕೇಳಬೇಕು. ಓದು ನಿಂತರೆ ಸೌಟಿನಿಂದ ತಗಡಿನ ಗೋಡೆಗೆ ಒಂದು ಪೆಟ್ಟು. ಅದರ ಸದ್ದು ರಸ್ತೆಯ ತನಕ ಕೇಳುವುದು.

ಇನ್ನೊಂದು ಸಂಗತಿ. ಸ್ನಾನದ ಮನೆಯಿಲ್ಲದೆ ಅವರು ತಮ್ಮನ ಮನೆಗೇ ಹೋಗಿಬರುತ್ತಿದ್ದರು. ದಸರಾ ರಜೆಯಲ್ಲಿ ನಾವು ನೋಡಲು ಹೋದಾಗ ಪೆಟ್ಟಿಗೆಯ ಮಗ್ಗುಲಿಗೆ ಹೊಸದಾಗಿ ಇಟ್ಟಿಗೆಯ ಸ್ನಾನದ ಮನೆ, ಶೌಚಾಲಯ ಎದ್ದಿದ್ದುವು. ಪಾಯ ತೆಗೆದು ಕಟ್ಟಿದ ಗೋಡೆಗಳು. ಕಟ್ಟಿಸಿದವನು ತಮ್ಮನ ಹಿರಿಯ ಮಗನೇ. ನಾವು ಗೋಡೆಯನ್ನೂ ಅವನ ಮುಖವನ್ನೂ ನೋಡಿದೆವು. ಅವನು ತಲೆ ಕೆರೆದುಕೊಂಡು, “ಅತ್ತೆ ರಾತ್ರಿಹೊತ್ತು ಮಳೇಲಿ ಬರಾಕಿಲ್ಲ ಅಂತ...” ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿ, ನಮಗೆ ಎಳನೀರು ಕೆಡವಿಸಲು ಹೋದನು. ಛಾಪಾ ಕಾಗದವು ಆಯಮ್ಮನವರ ಟ್ರಂಕಿನಲ್ಲಿ ಭದ್ರವಾಗಿದೆ.

ಕಬ್ಬಿಣದ ಮನೆಗೆ ವರ್ಷಕ್ಕೊಮ್ಮೆ ಆರೈಕೆ ಬೇಕು. ಕೆಳಗಿನ ಅಡ್ಡಪಟ್ಟಿಗಳನ್ನೂ ಮೂಲೆಗಳನ್ನೂ ಮಳೆಗಾಲಕ್ಕೆ ಮುಂಚೆ ಕೆರೆದು ಬಣ್ಣ ಹಚ್ಚಬೇಕು, ಜಾರಿದ ಹೆಂಚುಗಳನ್ನು ಸರಿಪಡಿಸಬೇಕು. ಬರುವ ಏಪ್ರಿಲ್ ತಿಂಗಳ ಮೊದಲನೆಯ ಶನಿವಾರ ಆ ಕೆಲಸವನ್ನಿಟ್ಟುಕೊಂಡಿದ್ದೇವೆ. ಬರಲಿಚ್ಛಿಸುವ ಹಳೆಯ ವಿದ್ಯಾರ್ಥಿನಿಯರು ಬೆಳಿಗ್ಗೆ ಏಳು ಗಂಟೆಗೆ ಮದ್ದೂರಿನ ಬಸ್ ನಿಲ್ದಾಣದಲ್ಲಿ ಸೇರತಕ್ಕದ್ದು. ಹಳೆಯ ಸೀರೆ ಉಟ್ಟು ಬನ್ನಿರಿ. ಮಧ್ಯಾಹ್ನದ ಊಟ ಆಯಮ್ಮನವರದು. ಎಷ್ಟು ಮುದ್ದೆ ಎಂಬುದನ್ನು ಮುಂಚಿತವಾಗಿ ತಿಳಿಸಬೇಕಂತೆ.